ನಮ್ಮ ಲಾರಿ ಮೊದಲೇ ಹೇಳಿತ್ತು

ಲಾರಿ ಇಟ್ಟುಕೊಂಡ ಮನೆಯವರು ನಗುವನ್ನು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅದು ತಾನಾಗಿ ಬಂದು ಅಂಗಳದಲ್ಲಿ ನಿಲ್ಲುತ್ತದೆ. ನಮ್ಮ ಮನೆ ಚನ್ನಪಟ್ಟಣ ದಾಟಿದ ಮೇಲೆ ದೊಡ್ಡಮಳೂರಿನ ಕಡೆ, ಹೆದ್ದಾರಿಯಿಂದ ಒಂದು ಕೂಗಳತೆ ಒಳಗೆ. ಹದಿನೆಂಟು ವರ್ಷದಿಂದ ನಮ್ಮಲ್ಲಿ ಒಂದೇ ಲಾರಿ. ತೆಂಗಿನಕಾಯಿ, ಮಾವು, ಬೊಂಬೆ ಮಾಡುವವರ ಮರ, ಸಿಕ್ಕಿದ್ದನ್ನೆಲ್ಲ ಹೊತ್ತಿದೆ. ಅದನ್ನು ಓಡಿಸಿದವರು ಇಬ್ಬರು: ನಮ್ಮ ಯಜಮಾನರು, ಮತ್ತು ಮೊದಲ ದಿನದಿಂದ ಅವರ ಜೊತೆಗಿದ್ದ ನಮ್ಮ ಡ್ರೈವರು. ಅದರ ಚರಿತ್ರೆ ಬರೆದವಳು ನಾನು. ನಾನು ಬಿ.ಎಸ್ಸಿ. ಓದಿದವಳು. ಮದುವೆಯಾಗಿ ಬಂದಾಗ ಈ ಊರಿನಲ್ಲಿ ಡಿಗ್ರಿ ಇದ್ದ ಸೊಸೆ ನಾನೊಬ್ಬಳೇ. ಯಾರಾದರೂ ಮರೆತಿದ್ದರೆ ನೆನಪಿಸುತ್ತಿರುತ್ತೇನೆ. ಪ್ರಯೋಗಶಾಲೆಯ ರೆಕಾರ್ಡ್ ಬರೆದು ಪಳಗಿದ ಕೈ ಸುಮ್ಮನಿರಲಾರದೆ ಲಾರಿಗೂ ಒಂದು ಉದ್ದನೆಯ ಪುಸ್ತಕ ಹಾಕಿತು. ಯಾವ ದಿನ ಎಲ್ಲಿಗೆ ಹೋಯಿತು, ಯಾವ ಶನಿವಾರ ಗ್ರೀಸ್ ಹೊಡೆದರು, ಎಲ್ಲಿಂದ ಏನು ಸದ್ದು ಬಂತು, ಎಲ್ಲವೂ ಅದರಲ್ಲಿದೆ.

ಆ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ಹೆಸರು ಮನುಷ್ಯರದಲ್ಲ, ಜಾಯಿಂಟ್ ಕ್ರಾಸಿನದು. ಲಾರಿಯ ಹೊಟ್ಟೆಯ ಕೆಳಗೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳವರೆಗೆ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ತಿರುಗುತ್ತದೆ. ಅದರ ಕೀಲುಗಳಲ್ಲಿ, ಲೆಕ್ಕದಲ್ಲಿ ಕೂಡಿಸುವುದಕ್ಕೆ ಹಾಕುವ ಗುರುತಿನಂಥ ಒಂದೊಂದು ತುಂಡು ಇರುತ್ತದೆ. ಅದೇ ಕ್ರಾಸು. ಅದು ಮುರಿದರೆ ಎಂಜಿನ್ ಎಷ್ಟು ಬೊಬ್ಬೆ ಹೊಡೆದರೂ ಲಾರಿ ಕದಲುವುದಿಲ್ಲ. ಓಡುವಾಗ ಮುರಿದರಂತೂ ಶಾಫ್ಟೇ ರಸ್ತೆಗೆ ಬಿದ್ದು ಪ್ರಾಣಕ್ಕೆ ಸಂಚಕಾರ. ಆದರೆ ಪಾಪ, ಅದು ಮೋಸ ಮಾಡುವ ಜಾತಿಯದಲ್ಲ. ಹೋಗುವ ಮುಂಚೆ ನಾಲ್ಕು ಥರ ಹೇಳಿಯೇ ಹೋಗುತ್ತದೆ. ಕೇಳಿಸಿಕೊಳ್ಳುವುದು ಬಿಡುವುದು ನಮಗೆ ಸೇರಿದ್ದು.

ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಕಳೆದ ಯುಗಾದಿಯ ಹೊತ್ತಿಗೆ ಮಗ ಲಾರಿ ಮಾರುವ ಮಾತು ತೆಗೆದ. ರಾಮನಗರದ ಗೊಬ್ಬರದ ಅಂಗಡಿಯನ್ನೂ ನೋಡಿಕೊಂಡು ಲಾರಿಯನ್ನೂ ನೋಡುವುದು ಅವನಿಂದ ಆಗುತ್ತಿರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಹೂಂ ಎಂದೆ. ಹೂಂ ಎಂದ ಗಳಿಗೆಯಿಂದ ಅಂಗಳದ ಕಡೆ ನೋಡಲಾಗದೆ ಪುಸ್ತಕ ಬಿಚ್ಚಿಕೊಂಡು ಕೂತೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಮೊದಲು ಬಂದದ್ದು ನಗು.

೧. ಹಲ್ಲಿ ನುಡಿದ ಮದುವೆ

ಮೊದಲನೆಯ ಸೂಚನೆ 'ಟಕ್'. ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಕೆಳಗಿನಿಂದ ಯಾರೋ ಕಬ್ಬಿಣವನ್ನು ಕುಟ್ಟಿದ ಹಾಗೆ ಒಂದು ಸದ್ದು. ಕ್ರಾಸು ಸವೆದು ಸಡಿಲವಾಗಿದೆ ಎಂದು ಅದರ ಅರ್ಥ.

ಲಾರಿ ಬಂದು ಎರಡು ವರ್ಷವಾಗಿತ್ತು. ನನ್ನ ನಾದಿನಿಗೆ ಕನಕಪುರದ ಕಡೆಯ ಒಂದು ಗಂಡು ಬಂದಿತ್ತು. ಅತ್ತೆಯವರಿಗೆ ಒಂದು ಸಲ ಬೇಕು ಅನ್ನಿಸುತ್ತಿತ್ತು, ಇನ್ನೊಂದು ಸಲ ಬೇಡ ಅನ್ನಿಸುತ್ತಿತ್ತು. ಆ ಕಡೆಗೇ ಕಾಯಿ ಲೋಡು ಇದ್ದುದರಿಂದ ಗಂಡಿನ ಮನೆ ನೋಡಿ ಬರಲು ಅತ್ತೆ, ಯಜಮಾನರು, ನಾನು ಲಾರಿಯಲ್ಲೇ ಹೊರಟೆವು. ಸಂತೆಯ ದಿನ. ಫರ್ಲಾಂಗಿಗೊಂದು ಕುರಿಮಂದೆ. ನಿಲ್ಲಿಸುವುದು, ಹೊರಡುವುದು, ಮತ್ತೆ ನಿಲ್ಲಿಸುವುದು.

"ಹುಡ್ಗ ಕುಡಿಯಾಕಿಲ್ವಂತೆ" ಎಂದರು ಅತ್ತೆ. ಯಜಮಾನರು ಗೇರ್ ಹಾಕಿದರು. ಟಕ್.

ಅತ್ತೆ ಬೆರಳು ಮಡಿಚಿ ಕ್ಯಾಬಿನ್ನಿನ ಬಾಗಿಲಿಗೆ ಮೂರು ಸಲ ಕುಟ್ಟಿ "ಕೃಷ್ಣ ಕೃಷ್ಣ" ಎಂದರು. "ಹಲ್ಲಿ ನುಡೀತು ಕಣ್ರೋ. ಸತ್ಯವೇಯ."

ಇನ್ನೊಂದು ಕುರಿಮಂದೆ. "ಹುಡ್ಗನ ಅವ್ವನ ಬಾಯಿ ಒಸಿ ಜೋರು, ಮನಸು ಒಳ್ಳೇದು ಅಂತಾರೆ." ಟಕ್. "ಕೃಷ್ಣ ಕೃಷ್ಣ."

"ನೀರಾವರಿ ಜಮೀನು ಐತಂತೆ." ಟಕ್.

ಯಜಮಾನರಿಗೆ ಆ ಸದ್ದು ಏನೆಂದು ಗೊತ್ತು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಸುಮ್ಮನಾದರು. ವಿಜ್ಞಾನ ಓದಿದವಳಿಗೆ ಸುಮ್ಮನಿರಲಾದೀತೆ. "ಅತ್ತೆ, ಅದು ಹಲ್ಲಿಯಲ್ಲ, ಲಾರಿಯ ಜಾಯಿಂಟು" ಎಂದೆ.

"ಯಾಕವ್ವಾ, ನಿಮ್ಮ ಕಾಲೇಜ್ನಾಗೆ ಹಲ್ಲಿ ಇರ್ನಿಲ್ವಾ?" ಎಂದರು.

ಕನಕಪುರ ಸೇರುವಷ್ಟರಲ್ಲಿ ಹಲ್ಲಿ ಹದಿನಾಲ್ಕು ಸಲ ನುಡಿದಿತ್ತು. ಪುಸ್ತಕದಲ್ಲಿ ಗೀಟು ಹಾಕಿದ್ದೇನೆ. ಹುಡುಗನ ಮುಖ ನೋಡುವ ಮೊದಲೇ ಅತ್ತೆ ಒಪ್ಪಿಯಾಗಿತ್ತು. ಕ್ರಾಸು ಆ ತಿಂಗಳೇ ಹೋಯಿತು. ಮದುವೆ ಇವತ್ತಿಗೂ ಗಟ್ಟಿಯಾಗಿದೆ. ನಾದಿನಿಯ ಗಂಡ ಮಾತ್ರ ಪಾಪ, ತಮ್ಮ ಮದುವೆ ಕೂಡಿ ಬಂದದ್ದು ಜಾತಕದಿಂದ ಎಂದೇ ತಿಳಿದಿದ್ದಾರೆ.

೨. ಸೀಟಿನ ಕೆಳಗೆ ಬೋನು

ಎರಡನೆಯದು 'ಕೀಚ್ ಕೀಚ್'. ಗ್ರೀಸ್ ಒಣಗಿದ ಕ್ರಾಸು, ಲಾರಿ ನಿಧಾನವಾಗಿ ಹೋಗುವಾಗ ಕೂಗುತ್ತದೆ. ವೇಗ ಹೆಚ್ಚಾದರೆ ಆ ಕೂಗು ಬೇರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಒಂದು ಮಾವಿನ ಕಾಲದಲ್ಲಿ ಡ್ರೈವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಅವ್ವಾ, ಲಾರಿಗೆ ಇಲಿ ಸೇರ್ಕಂಡೈತೆ. ಅಂಗಳಕ್ಕೆ ತಿರುಗ್ಸೋವಾಗ ಕೀಚ್ ಕೀಚ್ ಅಂತದೆ. ರೋಡ್ಗೆ ಹತ್ತಿದ್ರೆ ಸುಮ್ಕಾಯ್ತದೆ."

"ರಸ್ತೆಗೆ ಹತ್ತಿದರೆ ಯಾಕಪ್ಪ ಸುಮ್ಮನಾಗುತ್ತೆ?"

"ಸ್ಪೀಡ್ಗೆ ಹೆದರ್ಕತದೆ."

ನನಗೂ ಸರಿ ಎನ್ನಿಸಿತು. ಇಲಿ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಸೀಟಿನ ಕೆಳಗೆ ಇಡಿಸಿದೆ. ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಸೋಮವಾರ. ಇಲಿ. ಬಿದ್ದಿಲ್ಲ. ಮಂಗಳವಾರ. ಇಲಿ. ಬಿದ್ದಿಲ್ಲ.'

ಆ ವಾರ ಯಜಮಾನರು ಲಾರಿ ಹತ್ತದೆ ತೋಟದ ಕೆಲಸ ನೋಡುತ್ತಿದ್ದರು. ಬುಧವಾರ ಮಧ್ಯಾಹ್ನ ಮುದ್ದೆ ಮುರಿಯುತ್ತಾ ಕೂತಿದ್ದವರು ತುತ್ತನ್ನು ಅಲ್ಲೇ ಬಿಟ್ಟು ಕತ್ತೆತ್ತಿದರು. ಲಾರಿ ಇನ್ನೂ ಹುಣಸೆಮರದ ತಿರುವಿನಲ್ಲಿತ್ತು. ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ.

"ಹಿಂದಲ ಕ್ರಾಸು ಗ್ರೀಸ್ ಕೇಳ್ತಾ ಐತೆ" ಎಂದರು.

"ಅದು ಇಲಿ" ಎಂದೆ.

ಮುದ್ದೆ ನುಂಗಿ ನಕ್ಕರು. "ಏನ್ ಬಿಎಸ್ಸಿಯವ್ರೇ, ಕಾಲೇಜ್ನಲ್ಲಿ ಕಿವಿಗೆ ಪರೀಕ್ಷೆ ಇಡ್ನಿಲ್ವಾ?"

ಆ ಮಾತು ಚುಚ್ಚಿತು. ಅಂದಿನಿಂದ ಆ ತಿರುವಿನ ಸದ್ದನ್ನು ನಾನೂ ಕೇಳಬೇಕೆಂದು ಪಟ್ಟ ಪಾಡು ಅಷ್ಟಿಷ್ಟಲ್ಲ. ಲಾರಿ ಬರುವ ಹೊತ್ತಿಗೆ ಮಿಕ್ಸಿ ನಿಲ್ಲಿಸಿ ಹಿತ್ತಲ ಬಾಗಿಲಿನಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದೆ. ಅವರು ಒಳಗೆ ಪೇಪರು ಓದುತ್ತಲೇ "ಇವತ್ತು ಸರಿಯಾಗೈತೆ" ಎನ್ನುತ್ತಿದ್ದರು. ಅವರಿಗೆ ಕ್ರಾಸು ಕೇಳಿಸುತ್ತಿತ್ತು, ನನಗೆ ಪಕ್ಕದ ಮನೆಯ ಕೋಳಿ.

ಅದಿರಲಿ. ಆ ಸಂಜೆ ಗ್ರೀಸ್ ಹೊಡೆದರು, ಕೀಚು ನಿಂತಿತು, ಡ್ರೈವರ ಮುಖ ಸಣ್ಣದಾಯಿತು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಬೋನಿನಲ್ಲಿ ನಿಜವಾಗಿಯೂ ಒಂದು ಇಲಿ ಕೂತಿತ್ತು. ಈಗಲೂ ಯಾರಾದರೂ ಮನೆಯಲ್ಲಿ ಇಲಿ ಕಾಟ ಎಂದರೆ ಅವನು ಕೊಡುವ ಸಲಹೆ ಒಂದೇ: "ಮೊದ್ಲು ಕ್ರಾಸ್ಗೆ ಗ್ರೀಸ್ ಹೊಡ್ಸಿ."

೩. ಮಳೆಗೆ ಹೋಗದ ಕುಂಕುಮ

ಇದರಲ್ಲಿ ತಪ್ಪು ನನ್ನದೇ. ಬರೆಯದೆ ಬಿಡಬಹುದಿತ್ತು, ಆದರೆ ರೆಕಾರ್ಡ್ ಎಂದರೆ ರೆಕಾರ್ಡ್.

ಒಂದು ವರ್ಷ ಯಜಮಾನರಿಗೆ ಚಿಕೂನ್‌ಗುನ್ಯಾ ಬಂದು ಮೈಯ ಕೀಲುಗಳೆಲ್ಲ ಹಿಡಿದುಕೊಂಡವು. ಲಾರಿಯ ಕೀಲು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಆ ಸಲದ ಆಯುಧಪೂಜೆಯನ್ನು ಜೋರಾಗಿಯೇ ಮಾಡಿದೆ. ಲಾರಿ ತೊಳೆಸಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಸಿದೆ. "ಕಣ್ಣಿಗೆ ಕಾಣೋದಕ್ಕೆ ಎಲ್ಲರೂ ಹಚ್ಚುತ್ತಾರೆ. ಕಷ್ಟಪಡೋದು ಕೆಳಗಿರೋದು" ಎಂದು ಡ್ರೈವರನ್ನು ಲಾರಿಯ ಕೆಳಗೆ ತೂರಿಸಿ ಕ್ರಾಸುಗಳಿಗೆಲ್ಲ ಕುಂಕುಮ ಹಚ್ಚಿಸಿದೆ.

ಹದಿನೈದು ದಿನ ಕಳೆದು ಚನ್ನಪಟ್ಟಣದ ನಮ್ಮ ಮೆಕ್ಯಾನಿಕ್ ಸಾಬರು ಫೋನಿನಲ್ಲಿ ವಿಚಾರಿಸಿದರು. "ಕ್ರಾಸಿನ ಸುತ್ತ ಕೆಂಪು ಪುಡಿ ಏನಾದ್ರೂ ಇದೆಯಾ ನೋಡಿಸಿ ಅಮ್ಮ. ಗ್ರೀಸ್ ಹೋಗಿ ಒಳಗೆ ಕಬ್ಬಿಣ ತುಕ್ಕು ಹಿಡಿದ್ರೆ ಕೆಂಪಗೆ ಉದುರ್ತದೆ."

"ಕೆಂಪಗೆ ಇದೆ ಸಾಬ್ರೇ, ನಾವೇ ಹಚ್ಚಿದ್ದು" ಎಂದು ನಕ್ಕೆ.

ದೀಪಾವಳಿಯ ಮಳೆ ಬಂತು. ಲಾರಿ ಕೆಸರಿನಲ್ಲಿ ಮಿಂದು ಬಂತು. ಡ್ರೈವರು ಕೆಳಗೆ ಬಗ್ಗಿ ನೋಡಿ ವರದಿ ಕೊಟ್ಟ. "ಕುಂಕುಮ ಹಂಗೇ ಐತೆ ಅವ್ವಾ." ಕಾರ್ತಿಕ ಕಳೆಯಿತು. "ಒಸಿ ಜಾಸ್ತೀನೇ ಆಗೈತೆ ಅವ್ವಾ." ತಾಯಿ ಚಾಮುಂಡಿ ಒಲಿದಿದ್ದಾಳೆ ಎಂದು ನಾನು ಕೈ ಮುಗಿದೆ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು ಎಂದು ಸಮೀಕರಣ ಬರೆದು ಪಾಸಾದವಳು ನಾನು. ಪುಸ್ತಕದಲ್ಲಿ ಬರೆದದ್ದು 'ಕುಂಕುಮ ಅಚ್ಚಳಿಯದೆ ಇದೆ, ಶುಭ' ಎಂದು.

ಸಂಕ್ರಾಂತಿಯ ಹೊತ್ತಿಗೆ ಬೇರೇನೋ ಕೆಲಸಕ್ಕೆಂದು ಬಂದ ಸಾಬರು ಲಾರಿಯ ಕೆಳಗೆ ಮಲಗಿದರು. ಕ್ರಾಸನ್ನು ಉಗುರಿನಿಂದ ಕೆರೆದ ಸದ್ದು ಕೇಳಿಸಿತು. ಆಮೇಲೆ ಕೆಳಗಿನಿಂದಲೇ ದನಿ ಬಂತು.

"ಅಮ್ಮ, ಈ ಕುಂಕುಮ ಯಾವ ಅಂಗಡೀದು? ಮೂರು ತಿಂಗಳ ಮಳೆಗೂ ಹೋಗಿಲ್ಲ. ನಮ್ಮ ಮನೆಯವ್ರ ಮೆಹಂದಿ ಹದಿನೈದು ದಿನಕ್ಕೇ ಹೋಗ್ತದೆ, ಅಡ್ರೆಸ್ ಕೊಡಿ."

ಒಳಗೆ ಮಂಚದ ಮೇಲಿದ್ದ ಯಜಮಾನರು ಕೀಲು ನೋವನ್ನೂ ಮರೆತು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮರುವರ್ಷದಿಂದ ನಮ್ಮ ಲಾರಿಯ ಕ್ರಾಸಿಗೆ ಅರಿಶಿನ ಮಾತ್ರ. ದೇವರಿಗೆ ಎರಡೂ ಒಂದೇ; ಸಾಬರಿಗೆ ಅಲ್ಲ.

೪. ಫೋಟೊ ಹೇಳುವ ಬುದ್ಧಿ

ಯಜಮಾನರು ಹೋದ ಮೇಲೆ ಡ್ರೈವರು ಅವರದೊಂದು ಚಿಕ್ಕ ಫೋಟೊ ಕೇಳಿ ಇಸಿದುಕೊಂಡು ಹೋಗಿ ಕ್ಯಾಬಿನ್ನಿನಲ್ಲಿ ಗಾಜಿನ ಮೇಲ್ಭಾಗಕ್ಕೆ ತಂತಿಯಲ್ಲಿ ಕಟ್ಟಿಕೊಂಡ. ಕೆಲವು ತಿಂಗಳು ಕಳೆದವು. ಲಾರಿ ಎಲ್ಲಿಗೆ ಹೋದರೂ ತಡವಾಗಿ ಬರತೊಡಗಿತು. ಮೊದಲು ಊಟದ ಹೊತ್ತಿಗೆ ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಪುಸ್ತಕ ಮುಂದಿಟ್ಟು ಅವನನ್ನು ಕೇಳಿದೆ.

ತಲೆ ಕೆರೆದುಕೊಂಡ. "ಏನ್ ಮಾಡ್ಲಿ ಅವ್ವಾ. ನಲವತ್ತು ದಾಟ್ಸಿದ್ರೆ ಯಜಮಾನ್ರು ಬ್ಯಾಡ ಬ್ಯಾಡ ಅಂತ ತಲೆ ಅಲ್ಲಾಡಿಸ್ತಾರೆ. ಇದ್ದಾಗ್ಲೂ ಅವ್ರ ಮಾತು ಮೀರಿಲ್ಲ. ಈಗ ಮೀರ್ಲಾ?"

ಮಾರನೆಯ ದಿನ ನಾನೇ ಕ್ಯಾಬಿನ್ ಹತ್ತಿ ಕೂತೆ. ರಾಮನಗರದ ಕಡೆ ಹೊರಟೆವು. ಮೂವತ್ತರಲ್ಲಿ ಫೋಟೊ ನೆಟ್ಟಗಿತ್ತು. ನಲವತ್ತು ದಾಟಿದ್ದೇ ತಡ, ಅವರು ಅಡ್ಡಡ್ಡ ತಲೆ ಅಲ್ಲಾಡಿಸತೊಡಗಿದರು. ಆ ಹುಬ್ಬು, ಆ ನೋಟ, ನಾನು ಸೀರೆ ಹೆಚ್ಚು ಕೊಂಡಾಗ ಅಲ್ಲಾಡಿಸುತ್ತಿದ್ದ ಹಾಗೆಯೇ. ನಾನು ವಿಜ್ಞಾನವನ್ನೆಲ್ಲ ಮರೆತು ನೋಡುತ್ತಾ ಕೂತುಬಿಟ್ಟೆ. ಸೀಟಿನ ಕೆಳಗಿನಿಂದ ಸಣ್ಣ ನಡುಕ ಬರುತ್ತಿದೆ ಎಂದು ಗೊತ್ತಾಗಲು ಬಿಡದಿಯವರೆಗೆ ಹೋಗಬೇಕಾಯಿತು. ವೇಗದಲ್ಲಿ ಮಾತ್ರ ಬರುವ ನಡುಕ ಮೂರನೆಯ ಸೂಚನೆ ಎಂದು ಅವರೇ ನನಗೆ ಹೇಳಿ ಬರೆಸಿದ್ದರು. ಕೆಂಪು ಪುಡಿ ನಾಲ್ಕನೆಯದು. ಅದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೆ.

ಸಾಬರು ಕ್ರಾಸು ಬದಲಿಸಿದರು. ಲಾರಿ ನಲವತ್ತಕ್ಕೂ ಅಲ್ಲಾಡಲಿಲ್ಲ, ಅರವತ್ತಕ್ಕೂ ಅಲ್ಲಾಡಲಿಲ್ಲ. ಫೋಟೊ ಗೋಡೆಗೆ ಹೊಡೆದ ಹಾಗೆ ನಿಂತಿತು. ಎರಡು ದಿನ ಓಡಿಸಿದ ಡ್ರೈವರು ಮೂರನೆಯ ದಿನ ಸಾಬರ ಅಂಗಡಿಗೆ ಹೋಗಿ ಮೆಲ್ಲಗೆ ಕೇಳಿದನಂತೆ:

"ಸಾಬ್ರೇ, ಯಜಮಾನ್ರು ಮಾತೇ ಬುಟ್ಟವ್ರೆ. ಒಸಿ ಸಡ್ಲ ಮಾಡ್ಕೊಡಿ."

೫. ಮಾಗಡಿಯ ಗಿರಾಕಿ

ಲಾರಿ ಕೊಳ್ಳಲು ಮಾಗಡಿಯಿಂದ ಒಬ್ಬರು ಭಾನುವಾರ ಬರುತ್ತಾರೆ ಎಂದು ಮಗ ತಿಳಿಸಿದ. ಜೊತೆಗೆ ಒಂದು ಎಚ್ಚರಿಕೆ: "ಅಮ್ಮ, ನೀನು ಪುಸ್ತಕ ಮಾತ್ರ ಆಚೆ ತರಬೇಡ. ಹಲ್ಲಿ, ಇಲಿ, ಕುಂಕುಮ ಎಲ್ಲ ಓದಿದ್ರೆ ಆ ಮನುಷ್ಯ ಬಂದ ದಾರೀಲೇ ಓಡ್ತಾನೆ. ಮಾತೂ ಆಡಬೇಡ."

ಶನಿವಾರ ಗ್ರೀಸಿನ ದಿನ. ಡ್ರೈವರು ಗ್ರೀಸ್ ಗನ್ ಹಿಡಿದು ಬಂದು ನನ್ನ ಮುಖ ನೋಡಿದ. "ಈ ವಾರ ಬ್ಯಾಡ ಅವ್ವಾ. ಹೋದ ವಾರದ್ದೂ ನಾ ಸರಿಯಾಗಿ ಹೊಡ್ದಿಲ್ಲ. ನಾಳೆ ಒಸಿ ಕೂಗ್ಲಿ. ಗಿರಾಕಿ ತಾನೇ ಬ್ಯಾಡ ಅಂತಾನೆ. ಲಾರಿ ನಮ್ಮನೇಲೇ ಉಳೀತದೆ."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ನಾನು ಒಂದು ಮಾತೂ ಆಡಬೇಕಾಗಿರಲಿಲ್ಲ. ಸುಮ್ಮನೆ ಒಳಗೆ ಹೋಗಿದ್ದರೆ ಸಾಕಿತ್ತು. ಪೆನ್ನು ಹಿಡಿದು ಆ ಶನಿವಾರದ ಖಾಲಿ ಜಾಗವನ್ನೇ ನೋಡಿದೆ. ಯಜಮಾನರು ಊಟದ ತುತ್ತು ಬಿಟ್ಟು ಕೇಳಿಸಿಕೊಂಡ ಕೀಲು ಅದು. ಒಣಗಿಸಿ ಕೂಗಿಸಿ ಉಳಿಸಿಕೊಂಡರೆ, ಆಮೇಲೆ ಆ ಸದ್ದನ್ನು ಯಾವ ಕಿವಿಯಿಂದ ಕೇಳಲಿ?

"ಹೊಡಿ" ಎಂದೆ. "ಎಲ್ಲಾ ಕ್ರಾಸಿಗೂ. ತುಂಬಿ ಆಚೆ ಬರೋವರೆಗೆ ಹೊಡಿ."

ಅವನು ಹೊಡೆದ. ಕಣ್ಣೊರೆಸಿಕೊಳ್ಳುತ್ತಾ ಎದ್ದು ಬಂದ. ಗ್ರೀಸ್ ಹಾರಿತು ಎಂದ. ನಾನು ಗೀಟು ಹಾಕಿದೆ.

ಭಾನುವಾರ ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಹಾಕಲು ಕೈ ಎತ್ತಿದವಳು ಹಾಗೆಯೇ ನಿಂತೆ. ಹುಣಸೆಮರದ ತಿರುವಿನಿಂದ, ನೂಲಿನಷ್ಟು ಸಣ್ಣಗೆ, ಕೀಚ್. ಸ್ವಲ್ಪ ಬಿಟ್ಟು ಮತ್ತೆ, ಕೀಚ್. ಇಷ್ಟು ವರ್ಷ ಕಾದಿದ್ದ ಸದ್ದು. ಹಿಂದಿನ ಕ್ರಾಸು ಎಂಬುದೂ ತಿಳಿಯಿತು, ಹೇಗೆ ತಿಳಿಯಿತು ಎಂದು ಹೇಳಲಾರೆ. "ಕೇಳಿಸ್ತು ಕಣ್ರೀ" ಎಂದು ನಡುಮನೆಯ ಕಡೆ ತಿರುಗಿದೆ. ಅಲ್ಲಿ ಅವರ ಕುರ್ಚಿಯ ಮೇಲೆ ಒಣಗಿದ ಬಟ್ಟೆ ಮಡಿಸಿಟ್ಟಿತ್ತು.

ಎಣ್ಣೆ ಸೀದಿತು. ಮರುಗಳಿಗೆಗೆ ಸಿಟ್ಟು ಬಂತು. ಈ ಡ್ರೈವರು ನನ್ನೆದುರು ಹೊಡೆದ ಹಾಗೆ ಮಾಡಿ ಮೋಸ ಮಾಡಿದನಲ್ಲ ಎಂದು ಸೌಟು ಹಿಡಿದೇ ಅಂಗಳಕ್ಕೆ ಓಡಿದೆ. ನಮ್ಮ ಲಾರಿ ನಿಂತ ಜಾಗದಲ್ಲೇ ನಿಂತಿತ್ತು. ಅದರ ಪಕ್ಕಕ್ಕೆ ಕೀಚ್ ಎನ್ನುತ್ತಾ ಬಂದು ನಿಂತದ್ದು ಗಿರಾಕಿಯ ಸ್ವಂತ ಲಾರಿ.

ಗಿರಾಕಿ ಐವತ್ತು ದಾಟಿದ ಗಟ್ಟಿ ಆಳು, ಇಸ್ತ್ರಿ ಮಾಡಿದ ಬಿಳಿ ಷರಟು. ಬಿಡದಿಯಲ್ಲಿ ಲೋಡು ಇಳಿಸಿ ಹಾಗೆಯೇ ಬಂದಿದ್ದರು. ನಮ್ಮ ಲಾರಿಯ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿದರು, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದರು. "ಬಂಗಾರದಂಗೈತೆ. ನಂಗೆ ಒಪ್ಗೆ" ಎಂದರು. ಮಗ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡಿರು ಎಂದು ಕಣ್ಣಲ್ಲೇ ಹೇಳಿದ. ನಾನು ಮುಚ್ಚಿಕೊಂಡೇ ಇದ್ದೆ. ಆದರೆ ಆ ಮನುಷ್ಯ ನಾಳೆ ಬರುತ್ತೇನೆಂದು ತಮ್ಮ ಲಾರಿಯ ಮೆಟ್ಟಿಲಿಗೆ ಕಾಲಿಟ್ಟಾಗ ತಡೆಯಲಾಗಲಿಲ್ಲ.

"ನೋಡಪ್ಪಾ, ನಿಮ್ಮ ಲಾರಿಯ ಹಿಂದಿನ ಕ್ರಾಸು ಒಣಗಿದೆ. ಹೀಗೇ ಹೋಗಬೇಡಿ."

"ಯಾರ್ ಹೇಳುದ್ರವ್ವಾ?"

"ನಿಮ್ಮ ಲಾರಿನೇ ಹೇಳ್ತು. ತಿರುವಿನಲ್ಲಿ."

ಅವರು ಮಗನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಅವ್ವಾರು ಹುಷಾರಾಗವ್ರಾ?"

ಮಗನಿಗಿಂತ ಮುಂಚೆ ಡ್ರೈವರು ಹೇಳಿದ. "ಬಿಎಸ್ಸಿ."

ನನ್ನ ಸಮಾಧಾನಕ್ಕೆಂದು ಗಿರಾಕಿ ಲಾರಿಯ ಕೆಳಗೆ ಬಗ್ಗಿದರು. ಬಗ್ಗಿದವರು ಮಲಗಿದರು. ಎದ್ದು ಬಂದಾಗ ಬೆರಳ ತುಂಬ, ಬಿಳಿ ಷರಟಿನ ತುಂಬ ಕೆಂಪು ಪುಡಿ. ಫೋನ್ ಮಾಡಿ ಸಾಬರನ್ನು ಕರೆಸಿದೆವು. ಬಿಚ್ಚಿದರೆ ಕ್ರಾಸಿನ ಬೇರಿಂಗು ಅಂಗೈಯಲ್ಲಿ ಪುಡಿಪುಡಿಯಾಯಿತು. "ಇನ್ನೊಂದು ಲೋಡು ಹೊತ್ತಿದ್ರೆ ಶಾಫ್ಟು ರೋಡಲ್ಲಿರೋದು, ನೀವು ಹಳ್ಳದಲ್ಲಿರ್ತಿದ್ರಿ" ಎಂದರು ಸಾಬರು.

ಹೊಸ ಕ್ರಾಸು ಹಾಕುವವರೆಗೆ ಗಿರಾಕಿ ಜಗಲಿಯ ಮೇಲೆ ಕೂತು ಎರಡು ಲೋಟ ಕಾಫಿ ಕುಡಿದರು. ಡ್ರೈವರು ಸುಮ್ಮನಿರದೆ ಪುಸ್ತಕದ ಸುದ್ದಿ ಹೇಳಿದ. ಅವರು ಕೇಳಿದರು, ನಾನು ತಂದುಕೊಟ್ಟೆ, ಮಗ ಹಣೆ ಚಚ್ಚಿಕೊಂಡ. ಗಿರಾಕಿ ಮೊದಲ ಪುಟದಿಂದ ಓದಿದರು. ಎಲ್ಲೋ ನಕ್ಕರು, ಎಲ್ಲೋ ಹಿಂದಿನ ಪುಟಕ್ಕೆ ತಿರುವಿದರು. ಪುಸ್ತಕ ಮುಚ್ಚಿ ನಮ್ಮ ಲಾರಿಯ ಕಡೆ ನೋಡಿದರು.

"ತಮ್ಮಾ," ಎಂದರು ಮಗನಿಗೆ, "ಬರೀ ಲಾರಿ ತಕ್ಕಂಡೋಗಿ ನಾನೇನ್ ಮಾಡ್ಲಿ? ನನ್ ಕೈಯಾಗೆ ಇದೂ ಆರು ತಿಂಗ್ಳಿಗೆ ಹಿಂಗೇ ಪುಡಿಯಾಯ್ತದೆ. ಲಾರಿ ಜೊತೆ ಅವ್ವಾರ್ನೂ ಕಳಿಸ್ಕೊಟ್ರೆ ತಕ್ಕತೀನಿ. ಇಲ್ಲಾಂದ್ರೆ ಬ್ಯಾಡ."

ಮಗ ಅಂಗಡಿ ನಡೆಸುವವನು, ಗಿರಾಕಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ಸ್ವಲ್ಪ ಯೋಚಿಸಿ ಹೇಳಿದ.

"ಕಳಿಸ್ತೀನಿ ಅಣ್ಣಾ. ಆದ್ರೆ ನಮ್ಮಲ್ಲಿ ಮಾರಿದ ಮಾಲು ವಾಪಸ್ ತಗೊಳಲ್ಲ."

ಗಿರಾಕಿ ಒಂದು ಸಲ ನನ್ನನ್ನು ನೋಡಿದರು. ನಾನು ಆಗಲೇ ಅವರ ಲಾರಿಗೆ ಹೊಸ ಕ್ರಾಸು ಹಾಕಿದ ದಿನ, ವಾರ, ಗಳಿಗೆ ಬರೆದುಕೊಳ್ಳುತ್ತಾ, ಹಿಂದಿನ ಸಲ ಗ್ರೀಸ್ ಹೊಡೆದದ್ದು ಯಾವಾಗ ಎಂದು ಕೇಳುತ್ತಿದ್ದೆ. ಅವರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡರು.

"ಹಂಗಾದ್ರೆ ಎರಡೂ ನಿಮ್ಮನೇಲೇ ಇರ್ಲಿ ಬುಡಪ್ಪ" ಎಂದು ಲಾರಿ ಹತ್ತಿದರು.